ಯುಪಿಎಸ್ ಅಟ್ಟದ ಮ್ಯಾಗ, ಹುಡುಕಾಟ ಹುಕ್ಕೇರ್ಯಾಗ

ಇದರಾಗ ಒಂದ್ ಮಾತ ಸುಳ್ಳಿದ್ರ, ನಾ ಕಟ್ಟಿದ ಮೋಟಾರೆಲ್ಲಾ ಇವತ್ತ ಸುಟ್ಟ ಹೋಗ್ಲಿ. ಇಂಥವು ನನ್ನ ಬೆನ್ನ ಬಿಡೂದ ಇಲ್ಲ, ಏನ್ ಮಾಡ್ಲಿ!

ಗೋಕಾಕದಾಗ ಪಂಪಿನ ಮೋಟಾರ ವೈಂಡಿಂಗ್ ಕಟ್ಟಾಂವ ನಾ. ಸಾಲಿ ಕಲ್ತಿದ್ದ ನಾಕನೇ ಇಯತ್ತಾತನಾ. ಆದ್ರೂ ಎರಡ ಸಾವಿರದ ಇಸವಿ ಆಜೂಬಾಜೂ ಕಂಪ್ಯೂಟರ್ ಮಾರಿದಾಂವ ಈ ಗಂಡಸ. ಒಳಗ ವಿಂಡೋಸ್ ಬದಲಿ ಲಿನಕ್ಸ್, ಪುಕ್ಕಟ ಸಿಗತಿತ್ತು. ಕರೆಂಟ್ ಹೋದ್ರ ಸಾವಕಾಶ ಬಂದ್ ಆಗ್ಲಿ ಅಂತ ಬಾಜೂಕ ಯುಪಿಎಸ್ ಅನ್ನೂ ಬ್ಯಾಟರಿ ಡಬ್ಬಿ, ಕಂಪ್ಯೂಟರ್ ಒಳಗ ಅದರ ಪ್ರೋಗ್ರಾಮ್. ಮುಂದ ಅಂಗಡಿಗೋಳಿಗಿ ಇನ್ವರ್ಟರ್ ಬಂದ್ವು. ಯುಪಿಎಸ್ ಎಲ್ಲಾ ಹೊತ್ತಕೊಂಡ ಬಂದ್ನಿ, ಸೊಸಿ ಹೇಳಿಕೊಟ್ಟಂಗ ಪ್ರೋಗ್ರಾಮೂ ತಗದ್ನಿ. "ಇನ್ನ ತಾನ ಬಂದ್ ಬಿತ್ತಂದ್ರ ಪೂರ್ತಿ ರೊಕ್ಕ ವಾಪಸ್" ಅಂತ ಗಿರಾಕಿಗೋಳಿಗಿ ಮೀಸಿ ತಿರುವಿ ಹೇಳಿದ್ನಿ. ಅಲ್ಲೇ ಕೆಟ್ಟಿತು.

೧. ಗೋಕಾಕ

ಮೊದಲ ನಮ್ಮ ಅಂಗಡಿ ಕಂಪ್ಯೂಟರ್ ಬಂದ್ ಬಿತ್ತು. ಅರ್ಧಾ ತಾಸಿಗೊಮ್ಮೆ ಟಪ್ ಅಂತ ಕಣ್ ಮುಚ್ಚಾಕ ಹತ್ತಿತು. ಅದರಾಗ ಬಿಲ್ ಟೈಪ್ ಮಾಡಾಕಿ ನಮ್ಮ ಸೊಸಿ. "ಮಾವಾರ, ಬಂದ್ ಆಗೂ ಮುಂದ ಏನೋ ಇಂಗ್ಲೀಷಿನ್ಯಾಗ ಬರೀತೈತ್ರಿ. ಓದ್ಲೇನು?"

"ಓದೂದೇನೈತಿ? ಓಲ್ಟೇಜ್ ಅದು. ಮೂವತ್ ವರ್ಷ ಕರೆಂಟ್ ಕೂಡ ಸಂಸಾರ ಮಾಡೇನಿ ನಾ!"

ಅಂಗಡಿ ವೈರೆಲ್ಲಾ ಕಿತ್ತ ಹೊಸಾವು ಎಳದ್ನಿ. ಮತ್ತ ಟಪ್.

ನನ್ನ ಹೆಂಡತಿ ಒಳಗಿಂದ ಅಂದ್ಲು: "ಅದೂ ನಿಮ್ಮ ಮಾತ ಕೇಳಿ ಬ್ಯಾಸತ್ತ ಮಲಗತೈತಿ."

೨. ಮೂಡಲಗಿ

ಫೋನ್ ಬಾರಿಸಿತು. ಮೂಡಲಗಿ ಅರಿವಿ ಅಂಗಡಿ ಸಾವ್ಕಾರ: "ಕಾಕಾ, ಬಂದ್ ಬಿತ್ರಿ. ನೀವು ರೊಕ್ಕ ವಾಪಸ್..."

"ಅರ್ಥಿಂಗ್ ಸರಿ ಇಲ್ರಿ!" ಅಂತ ಮಾತ ತುಂಡ ಮಾಡಿದ್ನಿ. ಹೋಗಿ ಹಿತ್ತಲದಾಗ ಆಳುದ್ದ ಗುಂಡಿ ತಗಸಿ, ತಾಮ್ರದ ತಗಡ ಇಟ್ಟ, ಉಪ್ಪು ಇದ್ದಲಿ ತುಂಬಿಸಿದ್ನಿ, ನನ್ನ ಕಿಸೆದಾಗಿಂದ. "ದಿನಾ ಒಂದ್ ಕೊಡಾ ನೀರ್ ಹಾಕ್ರಿ" ಅಂದ್ನಿ.

ಎಂಟ್ ದಿನಕ್ಕ ಫೋನ್. "ಎರಡೆರಡ ಕೊಡಾ ಹಾಕಾಕತ್ತೇನ್ರಿ. ಕಂಪ್ಯೂಟರ್ ಹಂಗ ಐತಿ. ಬಾಜೂಕಿನ ಬಾಳಿಗಿಡ ಜಬರ್ದಸ್ತ ಎದ್ದೈತ್ರಿ!"

೩. ಹುಕ್ಕೇರಿ

ಹುಕ್ಕೇರಿ ಝೆರಾಕ್ಸ್ ಅಂಗಡಿ ಮಾಲಕ ಭಾಳ ಖಡಕ್ ಮನಶ್ಯಾ. ಹೊಸಾ ಸ್ಟೆಬಿಲೈಜರ್ ತೊಡಿ ಮ್ಯಾಗ ಇಟಕೊಂಡ, ಬಿಲ್ ಬರಿಯಾಕ ಸೊಸೀನ ಕರಕೊಂಡ ಬಸ್ಸಿನ್ಯಾಗ ಹೋದ್ನಿ. ಹಚ್ಚಿದ್ನಿ. ಕುಂತ್ವಿ. ಟಪ್.

"ಲೈನಿನ್ಯಾಗ ಕರೆಂಟ್ ಇಲ್ರಿ" ಅಂದ್ನಿ.

"ತಲಿ ಮ್ಯಾಗ ಫ್ಯಾನ್ ತಿರಗಾಕತ್ತೈತಲ್ರಿ ಯಪ್ಪಾ!"

"ಫ್ಯಾನಿಗಿ ಹಗರ ಕರೆಂಟ್ ಸಾಕ್ರಿ. ಕಂಪ್ಯೂಟರಿಗಿ ಭಾರಿ ಕರೆಂಟ್ ಬೇಕು."

"ರೊಕ್ಕ ಎಣಸ್ರಿ" ಅಂದಾಂವನ ಕೈ ಚಾಚಿದ. ನಾ ಸ್ಟೆಬಿಲೈಜರ್ ಮ್ಯಾಗಿನ ಧೂಳ ಒರಸಾಕ ಹತ್ತಿದ್ನಿ.

ಸೊಸಿ ಮತ್ತ ಚಾಲೂ ಮಾಡಿ, ಬಂದ್ ಆಗೂತನಾ ಕುಂತ, ಬರದಿದ್ದ ಓದಿದ್ಲು: "'ಯುಪಿಎಸ್ ಉತ್ತರ ಕೊಡವಲ್ದು. ಕರೆಂಟ್ ಹೋಗೈತಿ ಅಂತ ತಿಳಕೊಂಡ ಬಂದ್ ಮಾಡಾಕತ್ತೇನಿ.' ಮಾವಾರ, ನಾವು ಪ್ರೋಗ್ರಾಮ್ ಅಷ್ಟ ತಗದೇವ್ರಿ. ಅದರ ಸ್ಕ್ರಿಪ್ಟ್, ಅಂದ್ರ ಹುಕುಂ ಬರದ ಸಣ್ಣ ಫೈಲ್, ಒಳಗ ಉಳದಾವು. ಅರ್ಧಾ ತಾಸಿಗೊಮ್ಮೆ ಎದ್ದ ಯುಪಿಎಸ್ ಕರೀತಾವು. ಅದು ನಮ್ಮ ಮನಿ ಅಟ್ಟದ ಮ್ಯಾಗೈತಿ. ಅಲ್ಲಿಂದ ಹೆಂಗ 'ಓ' ಅನಬೇಕ್ರಿ?"

ಕಂಪ್ಯೂಟರಿಗಿ 'ರಿಮೂವ್' ಅಂದ್ರ ಸಾಲೂದಿಲ್ಲಂತ, 'ಪರ್ಜ್' ಅಂದ್ರ ಬೇರ ಸಮೇತ ಹೋಗತಾವಂತ. ಒಂದ್ ಸಾಲ ಹೊಡದ್ಲು. ಮಷಿನ್ ಸಂಜೀತನಾ ಬಂದ್ ಬೀಳಲಿಲ್ಲ.

ಮಾಲಕ ನನ್ನ ನೋಡಿದ. "ಇಷ್ಟ ದಿನಾ ನೀವ್ಯಾಕ ಓದಲಿಲ್ರಿ?"

"ಚಸ್ಮಾ ಮನ್ಯಾಗ ಮರತ ಬಂದಿದ್ನಿ" ಅಂದ್ನಿ.

"ಮೂಗಿನ ಮ್ಯಾಗಿಂದ ಯಾರದ್ರಿ?"

ರೊಕ್ಕ ವಾಪಸ್ ಕೊಡೂದ ತಪ್ಪಿತು. ನಮ್ಮ ಅಂಗಡ್ಯಾಗೂ, ಮೂಡಲಗ್ಯಾಗೂ ಸೊಸಿ ಸ್ಕ್ರಿಪ್ಟ್ ತಗದ್ಲು. "ಈಗ ಅರ್ಥಿಂಗ್ ಹತ್ತಿತ ನೋಡ್ರಿ" ಅಂತ ಮೂಡಲಗಿ ಸಾವ್ಕಾರಗ ಅಂದಾಂವ ನಾ. ಸಾವ್ಕಾರ ಇನ್ನೂ ದಿನಾ ನೀರ್ ಹಾಕತಾನ, ಬಾಳಿಹಣ್ಣ ಕಳಸತಾನ. ವೈರ್, ತಗಡ, ಉಪ್ಪು, ಇದ್ದಲಿ, ಗುಂಡಿ ತಗದ ಆಳು, ಸ್ಟೆಬಿಲೈಜರ್ ಎಲ್ಲಾ ಕೂಡಿ ನಂದ ಹೋಗಿದ್ದು ನಾಕ ಸಾವಿರದ ಆರನೂರಾ ಎಪ್ಪತ್ತ ರೂಪಾಯಿ.