ಅಳಿಯ ಕೊಟ್ಟ ಇಟಲಿ ಕ್ಯಾಸೆಟ್ಟು

ಧೈರ್ಯ ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ಕೆಲವರು ಕಷ್ಟಪಟ್ಟು ಬೆಳೆಸಿಕೊಳ್ಳುತ್ತಾರೆ. ನಾನು ಎರಡೂ ಗುಂಪಿಗೆ ಸೇರಿದವನಲ್ಲ. ಕ್ಷೌರದಂಗಡಿಯಲ್ಲಿ ಮೀಸೆ ಒಂದು ಕಡೆ ಗಿಡ್ಡವಾಯಿತೆಂದು ಹೇಳಲು ಹೆದರಿ, ಒಂದಿಡೀ ಬೇಸಿಗೆಯನ್ನು ಸೊಟ್ಟ ಮೀಸೆಯಲ್ಲೇ ಕಳೆದವನು. ಇಂಥವನಿಗೆ ದೇವರು ಮಗಳನ್ನು ಕೊಟ್ಟ. ಮಗಳ ಹಿಂದೆ ಒಬ್ಬ ಅಳಿಯನೂ ಬರುತ್ತಾನೆಂಬುದು ಆಗ ನನಗೆ ಹೊಳೆದಿರಲಿಲ್ಲ. ಬಂದವನು ಇಂಡಿ ಊರಿನ ಹುಡುಗ, ಶಿವಾನಂದ. ಆಲಮಟ್ಟಿಯಲ್ಲಿ ವಿದ್ಯುತ್ ಘಟಕದ ಕೆಲಸ. ನೋಡಲು ಲಕ್ಷಣವಾಗಿದ್ದ, ಆದರೆ ಮಾತೇ ಇಲ್ಲ. ಮಾತಾಡುವವನಿಗೆ ಒಂದು ಸಲ ಹೆದರಿದರೆ ಸಾಕು. ಸುಮ್ಮನಿರುವವನಿಗೆ ಹೊತ್ತುಹೊತ್ತಿಗೂ ಹೆದರುತ್ತಿರಬೇಕು.

ನಿಶ್ಚಯವಾದ ಮೇಲೆ ಒಂದು ದಿನ ಬಾಗೇವಾಡಿಯ ನಮ್ಮ ಮನೆಗೆ ಬಂದು, ಜೇಬಿನಿಂದ ಒಂದು ಕ್ಯಾಸೆಟ್ಟು ತೆಗೆದ. ಇಟಲಿಯ ಒಂದು ರಾಕ್ ಬ್ಯಾಂಡಿನ ಹೊಸ ಆಲ್ಬಮ್ಮಂತೆ. ಆಲಮಟ್ಟಿಯ ಕೆಲಸಕ್ಕೆ ಬಂದಿದ್ದ ಇಟಲಿಯವನೊಬ್ಬ ಕೊಟ್ಟದ್ದಂತೆ. "ಮಾವಾರ, ಇವರ ಹಳೇ ಕ್ಯಾಸೆಟ್ಟಿನ್ಯಾಗ ಬರೇ ಗದ್ದಲ ಇತ್ರಿ. ಇದರಾಗ ಜೋರೂ ಐತಿ, ರಾಗಾನೂ ಐತಿ. ಎರಡೂ ಸಮ ತೂಗ್ಯಾರ. ಮದುವಿ ಮೆರವಣಿಗ್ಯಾಗ ಇದರ ಮೊದಲನೇ ಹಾಡು ಬಾರಸಸ್ತೀರೇನ್ರಿ?" ಎಂದ. ಅವನ ಬಾಯಿಂದ ಅಷ್ಟು ಮಾತು ಬಂದದ್ದು ಅದೇ ಮೊದಲು. ಕೂಡಲೇ ಒಪ್ಪಿಕೊಂಡೆ. ಮನೆಯಲ್ಲಿ ಒಮ್ಮೆ ಹಾಕಿ ಕೇಳಬಹುದಿತ್ತು. ಆದರೆ ನಮ್ಮ ಟೇಪ್ ರೆಕಾರ್ಡರು ಕ್ಯಾಸೆಟ್ಟಿನ ರೀಲು ನುಂಗುವ ಜಾತಿಯದು. ಅಳಿಯನ ವಸ್ತು, ಹರಿದರೆ ಗತಿಯೇನು? ನೇರವಾಗಿ ಮುದ್ದೇಬಿಹಾಳಕ್ಕೆ ಒಯ್ದು, ಬ್ಯಾಂಡ್ ಕಂಪನಿಯ ಲಾಲಸಾಬ ಮಾಸ್ತರರ ಕೈಗೆ ಒಪ್ಪಿಸಿ ಬಂದೆ. ಯಾವ ಹಾಡಾದರೂ ಸರಿ, ಕಿವಿಯಿಂದ ಕೇಳಿ ಕ್ಲಾರಿಯೊನೆಟ್ಟಿಗೆ ಇಳಿಸುವುದರಲ್ಲಿ ಅವರದು ದೊಡ್ಡ ಹೆಸರು.

ಮದುವೆಗೆ ಮೂರು ದಿನವಿದ್ದಾಗ ತಾಲೀಮು ಕೇಳಲು ಹೋದೆ. ಮಾಸ್ತರರು ಕಣ್ಣು ಮುಚ್ಚಿ ಊದತೊಡಗಿದರು. ನಮ್ಮ ಕಡೆ ತುಂಬು ಬಾಳು ಬಾಳಿ ಹೋದ ಹಿರಿಯರ ಹೆಣದ ಮುಂದೆಯೂ ಬ್ಯಾಂಡು ಹೋಗುತ್ತದೆ. ಇದು ಸಾಕ್ಷಾತ್ ಅದೇ! "ಮಾಸ್ತರ, ಇದು ಸತ್ತಾಗ ಬಾರಸೋದಾತಲ್ರಿ!" ಎಂದೆ. ಅವರಿಗೆ ಸಿಟ್ಟು ಬಂತು. "ಕ್ಯಾಸೆಟ್ಟಿನ್ಯಾಗ ಹೆಂಗೈತಿ ಹಂಗ ಬಾರಸೇನ್ರಿ" ಎಂದು ಟೇಪು ಹಚ್ಚಿಯೇ ಬಿಟ್ಟರು. ನಿಜ. ಹಾಡುವವನು ನೆಗಡಿಯಾದವನಂತೆ, ಇಷ್ಟಿಷ್ಟೇ ಅಳುತ್ತಾ ಹಾಡುತ್ತಿದ್ದ. ನಮ್ಮ ಸಿನಿಮಾ ಹಾಡಾಗಿದ್ದರೆ ಏನೋ ಎಡವಟ್ಟಾಗಿದೆ ಎಂದು ತಕ್ಷಣ ತಿಳಿಯುತ್ತಿತ್ತು. ಇಟಲಿಯವರು ಹೀಗೇ ಹಾಡುತ್ತಾರೇನೋ, ಯಾರಿಗೆ ಗೊತ್ತು?

ಬಸ್ಸಿನಲ್ಲಿ ವಾಪಸು ಬರುವಾಗ ತಲೆಯ ತುಂಬ ಇದೇ ಯೋಚನೆ. ತನ್ನ ಮದುವೆಗೆ ತಾನೇ ಹೆಣದ ಹಾಡು ಕೇಳುವವನು ಎಂಥವನು? ಈ ಮದುವೆ ಅವನಿಗೆ ಇಷ್ಟವಿಲ್ಲವೇ? ಬಾಯಿಬಿಟ್ಟು ಹೇಳಲಾರದೆ ಹಾಡಿನಲ್ಲಿ ಹೇಳಿಸುತ್ತಿದ್ದಾನೆಯೇ? ನನ್ನ ಮಗಳು ವಿದ್ಯಾಳ ಬಾಳೇನಾಗಬೇಕು? ಹೆಂಡತಿಗೆ ಹೇಳಿದರೆ, "ನನ್ನ ಮುಂದ ಗೋಳಾಡೂಕಿಂತ ಹುಡುಗನ್ನ ಕೇಳಬಾರದೇನ್ರಿ?" ಎಂದು ಗದರಿದಳು. ಎಸ್‌ಟಿಡಿ ಬೂತಿಗೆ ಹೋಗಿ ಇಂಡಿಗೆ, ಬೀಗರ ಮನೆಗೆ ಫೋನು ಹಚ್ಚಿದೆ. ಆ ಕಡೆಯಿಂದ ಅಳಿಯನ "ಹಲೋ" ಕೇಳಿದ್ದೇ ತಡ, ಇದ್ದ ಧೈರ್ಯವೂ ಹೋಯಿತು. "ಅಲ್ಲೆ ಬಿಸಲು ಹೆಂಗೈತ್ರಿ?" ಎಂದೆ. "ಭಾಳ ಐತ್ರಿ" ಎಂದ. ಇಟ್ಟುಬಿಟ್ಟೆ.

ಮದುವೆಯ ದಿನ ಹನುಮಪ್ಪನ ಗುಡಿಯಿಂದ ಮೆರವಣಿಗೆ ಹೊರಟಿತು. ತೆರೆದ ಜೀಪಿನಲ್ಲಿ ಅಳಿಯ, ಮುಂದೆ ಲಾಲಸಾಬರು. ಹಾಡು ಶುರುವಾದದ್ದೇ ನಮ್ಮ ಬೀಗರು ಹೆಣ ಹೋಗುವಾಗಿನ ರೂಢಿಯಂತೆ ತಲೆಯ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು, ಯಾರು ಹೋದರೆಂದು ಸುತ್ತ ನೋಡಿದರು. ಮುದುಕಿಯೊಬ್ಬಳು "ಪಾಪ" ಎಂದಳು. ಅಳಿಯ ಸುಣ್ಣದ ಗೋಡೆಯಂತೆ ಬಿಳಿಚಿಕೊಂಡು ಜೀಪಿನಿಂದ ಇಳಿದು ಬಂದು, ನನ್ನನ್ನು ಪಕ್ಕಕ್ಕೆ ಎಳೆದ. ಮುಗಿಯಿತು, ಮದುವೆ ಬೇಡವೆನ್ನುತ್ತಾನೆ ಎಂದುಕೊಂಡೆ. ಅವನು, "ಮಾವಾರ, ಖರೇ ಹೇಳ್ರಿ. ವಿದ್ಯಾಗ ನನ್ನ ಮ್ಯಾಲೆ ಮನಸ್ಸಿಲ್ಲೇನ್ರಿ?" ಎಂದ.

"ಅಲ್ರೀ, ನೀವ ಕೊಟ್ಟ ಹಾಡ ಇದು!" ಎಂದೆ. ಅವನು ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ, "ಮಾಸ್ತರ, ಟೇಪು ಕರೆಂಟಿನ ಮ್ಯಾಲೆ ಹಚ್ಚಿದ್ರೋ, ಸೆಲ್ ಮ್ಯಾಲೋ?" ಎಂದ. "ನಮ್ಮೂರಾಗ ಕರೆಂಟ್ ಎಲ್ಲಿರತೈತ್ರಿ? ಸೆಲ್ ಮ್ಯಾಲೆ!" ಎಂದರು ಮಾಸ್ತರರು. ಸೆಲ್ಲಿನ ಶಕ್ತಿ ಮುಗಿಯುತ್ತ ಬಂದು ಟೇಪು ತೆವಳಿತ್ತು. ಕುಣಿಯುವ ಹಾಡು ಹೆಣದ ಮುಂದೆ ನಡೆದಿತ್ತು. ಅಳಿಯ ಚಪ್ಪಾಳೆ ತಟ್ಟಿ ವೇಗ ತೋರಿಸಿದ. ಡ್ರಮ್ಮಿನವರು ಹಾರಿಹಾರಿ ಬಾರಿಸಿದರು. ಮಾಸ್ತರರ ಕ್ಲಾರಿಯೊನೆಟ್ಟು ಮಾತ್ರ ಕಲಿತ ರಾಗವನ್ನು ಪೂರ್ತಿ ಬಿಡಲೊಲ್ಲದೆ ಹಿಂದೆ ಹಿಂದೆ ಎಳೆದಾಡುತ್ತ ಬಂತು. ಜೋರೂ ಬಂತು, ರಾಗವೂ ಬಂತು. ಬೀಗರು ಟೊಪ್ಪಿಗೆ ಮತ್ತೆ ತಲೆಗೇರಿಸಿದರು.

"ನೀವು ಫೋನ್ ಮಾಡಿ ಬಿಸಲು ಕೇಳಿದಾಗನ ನನಗ ಸಂಶೆ ಬಂತ್ರಿ. ಏನಾಗೇತಿ ಅಂತ ಕೇಳಾಕ ಅಂಜಿದ್ನಿ" ಎಂದ ಅಳಿಯ. ಇಷ್ಟು ದಿನ ಅವನ ಮೌನವನ್ನು ನಾನು ಗಾಂಭೀರ್ಯ ಎಂದುಕೊಂಡಿದ್ದೆ.

ಊಟಕ್ಕೆ ಬೀಗರು ಒತ್ತಾಯ ಮಾಡಿ ನನ್ನನ್ನೂ ಮದುಮಕ್ಕಳ ಪಂಕ್ತಿಯಲ್ಲಿ ಕೂಡಿಸಿದರು. ಬದನೆಕಾಯಿ ಪಲ್ಯಕ್ಕೆ ಉಪ್ಪೇ ಇರಲಿಲ್ಲ. ಬಡಿಸುವವನು ಉಪ್ಪಿನ ಬಟ್ಟಲು ಹಿಡಿದು ನಮ್ಮ ಮುಂದಿನಿಂದಲೇ ಹೋದ. ನಾನು ಅಳಿಯನ ಮುಖ ನೋಡಿದೆ. ಅವನು ನನ್ನ ಮುಖ ನೋಡಿದ. ಇಬ್ಬರೂ ತಲೆ ತಗ್ಗಿಸಿ ತಿನ್ನತೊಡಗಿದೆವು. ವಿದ್ಯಾ ಬಾಸಿಂಗ ಸರಿಸಿಕೊಂಡು ನಮ್ಮಿಬ್ಬರನ್ನೂ ಒಮ್ಮೆ ನೋಡಿ, ತಾಯಿಯ ಕಡೆ ತಿರುಗಿದಳು.

"ಎವ್ವಾ, ಅಪ್ಪನಂಥಾವನ್ನ ಹುಡುಕಬ್ಯಾಡ ಅಂತ ಎಷ್ಟ ಸಲ ಹೇಳಿದ್ದೆ ನಿನಗ!"