ಮಾರ್ತಾ ಎಂಬ ಹೆಂಗಸನ್ನು ಹಿಮದಿಂದ ಮನೆಗೆ ಕರೆತಂದ ಬಗ್ಗೆ

ಇಂದ,
ಸುಭದ್ರಾ ನರಸಿಂಹಮೂರ್ತಿ, ಬಿ.ಎ. (ಮೈಸೂರು, 1929),
ವಯಸ್ಸು ಐವತ್ತೊಂಬತ್ತು,
ಅಮೇರಿಕನ್ ಸಾಹಿತ್ಯ ತರಗತಿ, ಹಾಜರಿ ಸಂಖ್ಯೆ 17 (ಕಿಟಕಿ ಪಕ್ಕದ ಕುರ್ಚಿ),
ವಿಮಾನ ಕಾರ್ಖಾನೆಯ ಟೌನ್‌ಶಿಪ್, ಓಝರ್, ನಾಸಿಕ ಜಿಲ್ಲೆ.

ಗೆ,
ಪ್ರೊಫೆಸರ್ ಜಯಕರ ಅವರು,
ಇಂಗ್ಲಿಷ್ ವಿಭಾಗ, ನಾಸಿಕ.

ದಿನಾಂಕ: 10 ಜನವರಿ 1968

ವಿಷಯ: ಪ್ರತಿಕ್ರಿಯೆ ನೋಟ್‌ಬುಕ್ಕಿನ ಹನ್ನೆರಡನೇ ಬರಹದಲ್ಲಿ, ಹಿಮದಲ್ಲಿ ದಾರಿ ತಪ್ಪಿದ ಮಾರ್ತಾ ಎಂಬ ಹೆಂಗಸನ್ನು ಲೇಖಕರ ಅನುಮತಿಯಿಲ್ಲದೆ ಮನೆಗೆ ಕರೆತಂದ ಬಗ್ಗೆ ವಿವರಣೆ, ಮತ್ತು ಆಕೆಯನ್ನು ಪುನಃ ಹಿಮಕ್ಕೆ ಕಳುಹಿಸದಿರಲು ಅನುಮತಿ ಕೋರಿ.

ಉಲ್ಲೇಖ:
(ಅ) ಜುಲೈ ತಿಂಗಳ ಮೊದಲ ತರಗತಿಯಲ್ಲಿ ತಾವು ನೀಡಿದ ಸೂಚನೆ: "ಪಂಡಿತರು ಏನು ಹೇಳಿದ್ದಾರೆಂದು ಬರೆಯಬೇಡಿ. ಓದಿದಾಗ ನಿಮಗೆ ಏನಾಯಿತೋ ಅದನ್ನು ಬರೆಯಿರಿ."
(ಆ) ವೇರೂಳ್ (ಎಲ್ಲೋರ) ಪ್ರವಾಸದಲ್ಲಿ ತಾವು ಮೌಖಿಕವಾಗಿ ನೀಡಿದ ಅಭಿಪ್ರಾಯ (ವಿವರ ಮುಂದಿದೆ).
(ಇ) ಇದೇ ತಿಂಗಳ 8ರಂದು ತಾವು ಕೆಂಪು ಶಾಯಿಯಲ್ಲಿ ಬರೆದ ಎರಡು ಪದಗಳು: "ಯಾವ ಪುಟ?"

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ನಾನು ತಪ್ಪು ಮಾಡಿದ್ದೇನೆ. ಒಪ್ಪಿಕೊಂಡ ಮೇಲೂ ಅದನ್ನು ಅಳಿಸಲು ಮನಸ್ಸು ಬಾರದ ಕಾರಣ ಈ ಅರ್ಜಿ ತುಸು ಉದ್ದವಾಗಿದೆ. ಮೊದಲ ದಿನ ನಾನು ಮೆಟ್ಟಿಲ ಮೇಲೆ ಏದುಸಿರು ಬಿಡುತ್ತಿದ್ದಾಗ ತಾವು ಹಿಂದಿನಿಂದ ಬಂದು, ತಮ್ಮ ತಾಯಿ ಕಾರವಾರದವರೆಂದು ತಿಳಿಸಿ, "ನಿಧಾನ ಹತ್ತಿ, ನಾನೂ ನಿಧಾನವಾಗಿಯೇ ಹಾಜರಿ ಕರೆಯುತ್ತೇನೆ" ಎಂದು ಕನ್ನಡದಲ್ಲಿ ಹೇಳಿದ್ದಿರಿ. ಆದ್ದರಿಂದ ಈ ಅರ್ಜಿ ಕನ್ನಡದಲ್ಲಿದೆ. ಇಂಗ್ಲಿಷಿನಲ್ಲಿ ಬರೆದರೆ ತಾವು ಅಭ್ಯಾಸಬಲದಿಂದ ಕೆಂಪು ಶಾಯಿ ಎತ್ತಿಕೊಳ್ಳುವ ಸಂಭವವಿದೆ ಎಂಬುದೂ ಒಂದು ಕಾರಣ.

1. ನನ್ನ ಮಗ ಬಾಲಕೃಷ್ಣ ಕಾರ್ಖಾನೆಯಲ್ಲಿ ಎಂಜಿನಿಯರ್. ಅವನ ತಂದೆ ಹೋದ ಮೇಲೆ ನಾನು ಮೈಸೂರಿನಿಂದ ಅವನ ಬಳಿಗೆ ಬಂದೆ. ಟೌನ್‌ಶಿಪ್ಪಿನಲ್ಲಿ ಎಲ್ಲ ಅನುಕೂಲವೂ ಇದೆ, ಹಗಲು ಮಾತ್ರ ಅಗತ್ಯಕ್ಕಿಂತ ಉದ್ದ. ಆದ್ದರಿಂದ ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಬಂದು, ಮೊಮ್ಮಕ್ಕಳ ವಯಸ್ಸಿನವರ ಜೊತೆ ತಮ್ಮ ತರಗತಿಯಲ್ಲಿ ಕೂರುತ್ತಿದ್ದೇನೆ. ಬೆಂಚಿನಲ್ಲಿ ನನ್ನ ಮಂಡಿ ಹಿಡಿಯುತ್ತದೆಂದು ಕಂಡ ಗುಮಾಸ್ತ ಹರಿದಾಸರು, ಯಾರಿಗೂ ಹೇಳದೆ ತಮ್ಮದೇ ಕೈಕುರ್ಚಿಯನ್ನು ಕಿಟಕಿಯ ಬಳಿ ತಂದಿಟ್ಟು, ಅಂದಿನಿಂದ ಸ್ಟೂಲಿನ ಮೇಲೆ ಕೂತು ಕೆಲಸ ಮಾಡುತ್ತಿದ್ದಾರೆ. ಇದು ಈ ಅರ್ಜಿಗೆ ನೇರವಾಗಿ ಸಂಬಂಧಿಸಿಲ್ಲ. ಆದರೂ ಎಲ್ಲಾದರೂ ಒಂದು ಕಡೆ ದಾಖಲಾಗಲಿ ಎಂದು ಬರೆದಿದ್ದೇನೆ.

2. ನಮ್ಮ ಎದುರು ಮನೆಯಲ್ಲಿ ಭಾಲ್ಕಿ ಕಡೆಯ ಪಾರ್ವತಿಬಾಯಿ ಇದ್ದಾರೆ. ಕಾರ್ಖಾನೆಯ ಮನ್ಮಥಪ್ಪನವರ ತಾಯಿ, ವಯಸ್ಸು ಎಪ್ಪತ್ತನಾಲ್ಕು, ಓದು ಬರಹ ಇಲ್ಲ. ಊರಿನಲ್ಲಿ ಪ್ರತಿ ಶ್ರಾವಣ ಮಠದಲ್ಲಿ ಪುರಾಣ ಕೇಳಿದವರು. ಇಲ್ಲಿ ಪುರಾಣ ಹೇಳುವವರಿಲ್ಲದ ಕಾರಣ, ಮಧ್ಯಾಹ್ನ ರೇಷನ್ ಅಂಗಡಿಯ ಗೋಧಿಯ ಮೊರ ಹಿಡಿದು ನಮ್ಮ ಜಗಲಿಗೆ ಬಂದು ಕೂತು, "ಅದೇನು ಓದಲಿಕತ್ತೀರಲ್ಲ, ಅದನ್ನೇ ಹೇಳ್ರಿ" ಎಂದರು. ಅಂದಿನಿಂದ ತಮ್ಮ ಪಠ್ಯದ ಪ್ರತಿಯೊಂದು ಪುಸ್ತಕವನ್ನೂ ನಾನು ಇಂಗ್ಲಿಷಿನಲ್ಲಿ ಓದಿ ಅವರಿಗೆ ಕನ್ನಡದಲ್ಲಿ ಹೇಳುತ್ತಿದ್ದೇನೆ.

3. ಇಲ್ಲಿ ಒಂದು ನಿಯಮವನ್ನು ತಮ್ಮ ಗಮನಕ್ಕೆ ತರಬೇಕಾಗಿದೆ. ಪುರಾಣವನ್ನು ಅಮಂಗಳದ ಕಡೆ ನಿಲ್ಲಿಸಿ ಪುಸ್ತಕ ಮುಚ್ಚುವಂತಿಲ್ಲ. ರಾಜ ಕಾಡಿಗೆ ಹೋದಲ್ಲಿ ನಿಲ್ಲಿಸಿದರೆ ಕೇಳಿದವರ ಮನೆಗೂ ಆ ಕಾಡು ಬರುತ್ತದಂತೆ. ಒಂದೆರಡು ಪುಟ ಮುಂದೆ ಹೋಗಿಯಾದರೂ ಶುಭದ ಕಡೆ ನಿಲ್ಲಬೇಕು. ಅಮೇರಿಕದ ಲೇಖಕರಿಗೆ ಈ ನಿಯಮ ತಿಳಿದಿಲ್ಲ. ಹಡಗು ಮುಳುಗಿಸಿ ಮುಚ್ಚುತ್ತಾರೆ, ಮನೆ ಹರಾಜು ಹಾಕಿ ಮುಚ್ಚುತ್ತಾರೆ. ಮುಂದೆ ಹೋಗಲು ಪುಟಗಳಿಲ್ಲದ ಕಾರಣ ನಾನು ಹಿಂದಕ್ಕೆ ಹೋಗತೊಡಗಿದೆ. ಹಡಗು ಮುಳುಗಿದ ದಿನ, ಅದು ಬಂದರಿನಿಂದ ಬಾಜಾ ಬಜಂತ್ರಿಯೊಂದಿಗೆ ಹೊರಟ ಮೊದಲ ಅಧ್ಯಾಯವನ್ನು ಮತ್ತೆ ಓದಿ ಮುಗಿಸಿದೆ. ಮನೆ ಹರಾಜಾದ ದಿನ ಅದರ ಗೃಹಪ್ರವೇಶದಲ್ಲಿ ನಿಲ್ಲಿಸಿದೆ. ನನ್ನ ಏಳನೇ ಬರಹದಲ್ಲಿ "ನಾಟಕದ ಕೊನೆಯಲ್ಲಿ ಕುಟುಂಬ ಹೊಸ ಮನೆಗೆ ಬರುತ್ತದೆ" ಎಂಬ ವಾಕ್ಯ ಹೇಗೆ ಬಂತೆಂದು ತಾವು ಕೇಳಿದ್ದಿರಿ. ಅದಕ್ಕೆ ಇದೇ ಉತ್ತರ. ತಡವಾದದ್ದಕ್ಕೆ ಕ್ಷಮೆ ಇರಲಿ.

4. ಹನ್ನೆರಡನೆಯದು ಗೋಧಿ ಬೆಳೆಯುವ ಬಯಲಿನ ಕಾದಂಬರಿ. ಪಾರ್ವತಿಬಾಯಿಗೆ ಮೊದಲಿನಿಂದಲೇ ಆ ಊರಿನವರ ಮೇಲೆ ಸ್ವಲ್ಪ ಅಸಮಾಧಾನವಿತ್ತು. ಮೊರದಲ್ಲಿದ್ದ ರೇಷನ್ನಿನ ಕೆಂಪು ಗೋಧಿ ಅಮೇರಿಕದಿಂದಲೇ ಹಡಗಿನಲ್ಲಿ ಬಂದದ್ದೆಂದು ನಾನು ಹೇಳಿದ್ದೆ. "ಹೊಲ ಇಷ್ಟು ಛಂದ ಬರಿತಾರ, ಚಪಾತಿ ಯಾಕ್ರಿ ಹಿಂಗ ಚರ್ಮ ಆಗ್ತದ?" ಎಂದು ಎರಡು ಸಲ ಕೇಳಿದರು. ಆದರೆ ಗಂಡ ಸತ್ತ ಮೇಲೆ ಒಬ್ಬಳೇ ಬೇಸಾಯ ಮಾಡುವ ಮಾರ್ತಾಳನ್ನು ಕಂಡ ಮೇಲೆ ದೂರು ನಿಂತಿತು. ಗೋಧಿಯಲ್ಲಿ ಕಲ್ಲು ಸಿಕ್ಕಿದರೂ, ಪಾಪ, ಆಕೆ ಒಬ್ಬಳೇ ಎಷ್ಟಂತ ಆರಿಸುತ್ತಾಳೆ ಎಂದು ತೆಗೆದು ಬದಿಗಿಡುತ್ತಿದ್ದರು.

5. ಕೊನೆಯ ಅಧ್ಯಾಯದಲ್ಲಿ ಮಾರ್ತಾ ತಪ್ಪಿಸಿಕೊಂಡ ಹಸುವನ್ನು ಹುಡುಕಿಕೊಂಡು ಹಿಮದ ಬಿರುಗಾಳಿಗೆ ಹೋಗುತ್ತಾಳೆ. ಲೇಖಕರು ಆಕೆಯ ಹಿಂದೆ ಹೋಗುವುದಿಲ್ಲ. ಮನೆಯಲ್ಲಿಯೇ ನಿಂತು, ತೆರೆದ ಬಾಗಿಲಿನಿಂದ ಹಿಮ ನುಗ್ಗಿ ಒಲೆಯವರೆಗೆ ಬಂತು ಎಂದು ಬರೆದು ಮುಗಿಸಿಬಿಡುತ್ತಾರೆ. ಪಾರ್ವತಿಬಾಯಿ ಮೊರ ಕೆಳಗಿಟ್ಟು, ಮುಂದೆ ಏನಾಯಿತೆಂದು ಕೇಳಿದರು. ಪುಸ್ತಕ ಮುಗಿಯಿತು ಎಂದೆ.

"ಮುಗೀತಂದ್ರ ಹೆಂಗ್ರಿ? ಆಕಿ ಇನ್ನೂ ಹೊರಗ ಇದ್ದಾಳಲ್ಲ. ಅಷ್ಟು ದೊಡ್ಡ ಊರಾಗ ಒಂದು ತಾಟು ಬಡಿಯೋರು ಇರಲಿಲ್ಲೇನು?"

ಈ ಸಲ ಹಿಂದಕ್ಕೆ ಹೋಗೋಣವೆಂದರೆ, ಮಾರ್ತಾಳ ಬದುಕಿನಲ್ಲಿ ಹಿಂದೆಯೂ ಹೇಳಿಕೊಳ್ಳುವಂಥ ಶುಭವೇನೂ ಇರಲಿಲ್ಲ. ಆದ ಕಾರಣ, ಪಕ್ಕದ ಹೊಲದ ಹೆಂಗಸು ಹೊಸ್ತಿಲಲ್ಲಿ ನಿಂತು ಊಟದ ತಾಟು ಬಡಿದಳೆಂದೂ, ಆ ಸದ್ದಿನ ಜಾಡು ಹಿಡಿದು ಮಾರ್ತಾ ಮನೆಗೆ ಬಂದಳೆಂದೂ ಹೇಳಿದೆ. ಹಸು? ಹಸುವೂ ಬಂತು ಎಂದೆ. ಪಾರ್ವತಿಬಾಯಿ ಪುಸ್ತಕಕ್ಕೆ ಕೈಮುಗಿದು ಮೊರ ಎತ್ತಿಕೊಂಡರು.

6. ಮರುದಿನ ನೋಟ್‌ಬುಕ್ಕಿನಲ್ಲಿ, "ಪಕ್ಕದ ಹೆಂಗಸು ತಾಟು ಬಡಿಯುವುದು ಈ ಕಾದಂಬರಿಯ ಅತ್ಯುತ್ತಮ ಭಾಗ" ಎಂದು ಬರೆದೆ. ಮರೆತು ಬರೆದೆ ಎಂದರೆ ಸುಳ್ಳಾಗುತ್ತದೆ. ತಿಳಿದೇ ಬರೆದೆ ಎಂದರೂ ಪೂರ್ತಿ ನಿಜವಲ್ಲ. ತಾವು ಸೊನ್ನೆ ಕೊಟ್ಟು, "ಯಾವ ಪುಟ?" ಎಂದು ಕೇಳಿ, 15ನೇ ತಾರೀಖಿನೊಳಗೆ ಆ ಬರಹವನ್ನು ಹೊಡೆದುಹಾಕಿ ಪುಸ್ತಕದಲ್ಲಿದ್ದಂತೆ ಬರೆಯದಿದ್ದರೆ ನೋಟ್‌ಬುಕ್ಕಿಗೆ ಸಹಿ ಇಲ್ಲ, ಸಹಿ ಇಲ್ಲದೆ ಪರೀಕ್ಷೆ ಇಲ್ಲ ಎಂದಿರಿ. ಹೇಳುವಾಗ ತಾವು ನನ್ನ ಮುಖ ನೋಡದೆ ಕಿಟಕಿಯ ಕಡೆ ನೋಡಿದಿರಿ. ಆ ದಾಕ್ಷಿಣ್ಯಕ್ಕೆ ಋಣಿ.

7. ಮನೆಗೆ ಬಂದು ಮಗನಿಗೆ ಹೇಳಿದೆ. ಅವನು, "ಅಮ್ಮ, ನಾವು ನಕ್ಷೆಯಲ್ಲಿಲ್ಲದ ಒಂದೇ ಒಂದು ರಿವೆಟ್ ಹೊಡೆದರೂ ವಿಮಾನ ಮೇಲೇಳೋಕೆ ಬಿಡೋಲ್ಲ. ನೀನು ಹಸುವನ್ನೇ ತಂದು ಕಟ್ಟಿದ್ದೀಯಲ್ಲ" ಎಂದ. ಅವನು ಹೇಳಿದ್ದು ಸರಿ. ಆದ್ದರಿಂದ ನಿಜ ಹೇಳಿಬಿಡೋಣವೆಂದು ಎದುರು ಮನೆಗೆ ಹೋದೆ. ಪಾರ್ವತಿಬಾಯಿ ಸಂಕ್ರಾಂತಿಗೆ ಎಳ್ಳು ಹುರಿಯುತ್ತಿದ್ದರು. ಮಾಸ್ತರರು ಪುಟ ಕೇಳಿದ್ದಾರೆ, ಅಂಥ ಪುಟ ಇಲ್ಲ, ಮಾರ್ತಾ ಮನೆಗೆ ಬರಲಿಲ್ಲ ಎಂದೆ. ಅವರು ಎಳ್ಳು ಸೀಯದಂತೆ ಬಾಣಲೆ ಇಳಿಸಿದರು.

"ಪುಸ್ತಕದಾಗ ಇಲ್ಲಂತ ನನಗ ಅವತ್ತೇ ಗೊತ್ತಿತ್ರಿ. ಓದಬೇಕಾದ್ರ ನೀವು ಚಾಳೀಸು ಹಾಕ್ಕೋತೀರಿ. ಅವತ್ತು ತಗದು ಮಡಿಲಾಗ ಇಟ್ಕೊಂಡು ಹೇಳಿದ್ರಿ."

ಆಮೇಲೆ ಅವರು ಹೇಳಿದ್ದು ಇಷ್ಟು. ಮದುವೆಯಾದಾಗ ಅವರಿಗೆ ಹನ್ನೆರಡು ವರ್ಷ. ಆರು ತಿಂಗಳು ಗಂಡನ ಮನೆಯಲ್ಲಿದ್ದು, ಒಂದು ದಿನ ಯಾರಿಗೂ ಹೇಳದೆ ತವರಿಗೆ ಹೊರಟರು. ಕಾಲುದಾರಿ ಬಿಟ್ಟು ಜೋಳದ ಹೊಲಕ್ಕೆ ಇಳಿದರು. ತೆನೆ ಬಿಟ್ಟ ಜೋಳ ಆಳೆತ್ತರಕ್ಕೂ ಮೇಲಿತ್ತು. ಯಾವ ಕಡೆ ತಿರುಗಿದರೂ ದಂಟು. ಬಿಸಿಲು ಇಳಿಯುವವರೆಗೆ ಸುತ್ತಿ ಸುತ್ತಿ ಅಳುತ್ತಾ ಕೂತಾಗ, ಎಲ್ಲೋ ಒಬ್ಬಳು ತಗಡಿನ ಡಬ್ಬ ಬಡಿಯುವುದು ಕೇಳಿಸಿತು. ಆ ಸದ್ದಿನ ಕಡೆ ನಡೆದು ಹೊರಗೆ ಬಂದರು.

"ಆಕಿ ಹಕ್ಕಿ ಕಾಯೋಕಿ. ಹಕ್ಕಿ ಹಾರಿ ಹೋದ ಮ್ಯಾಗೂ ಬಡಕೋತನೇ ನಿಂತಿದ್ಲು. ನನ್ನ ಅಳು ಕೇಳಿರಬೇಕು. ಆಕಿ ಹೆಸರು ನಾ ಕೇಳಲಿಲ್ಲ. ಯಾವ ಪುಸ್ತಕದಾಗೂ ಆಕಿ ಇಲ್ಲ. ಹಂಗಂತ ನಾ ಇನ್ನೂ ಜ್ವಾಳದಾಗೇ ಅದೀನೇನ್ರಿ?"

ಈ ಪ್ರಶ್ನೆಯನ್ನು ಇಂಗ್ಲಿಷ್ ವಿಭಾಗಕ್ಕೆ ವರ್ಗಾಯಿಸುತ್ತಿದ್ದೇನೆ.

8. ನಂತರ ಅವರು ಪುಸ್ತಕ ತರಿಸಿ, ಕೈ ಒರೆಸಿಕೊಂಡು, ಹಿಂದಿನಿಂದ ತೆರೆದು ಕೊನೆಯ ಹಾಳೆಯ ಮೇಲೆ ಅಂಗೈ ಆಡಿಸಿ, ಇಲ್ಲಿ ಏನು ಬರೆದಿದೆ ಎಂದು ಕೇಳಿದರು. ಏನೂ ಇಲ್ಲ, ಬೈಂಡು ಹಾಕುವಾಗ ಸೇರಿಸಿದ ಖಾಲಿ ಹಾಳೆ ಎಂದೆ.

"ಹಾಳಿ ಖಾಲಿ ಅದ. ಮತ್ತ ತಕರಾರು ಏನದ್ರಿ?"

9. ವೇರೂಳಿನಲ್ಲಿ, ಅರ್ಧ ಕಡಿದು ಬಿಟ್ಟ ಗುಹೆಯ ಮುಂದೆ ಹುಡುಗರು "ಇದು ಪೂರ್ತಿ ಆಗಿಲ್ಲ ಸರ್" ಎಂದು ನಕ್ಕಾಗ ತಾವು ಗೋಡೆಯ ಉಳಿಯ ಗುರುತುಗಳನ್ನು ತೋರಿಸಿ, "ಕಡಿಯುವವನ ಕೆಲಸ ಇಲ್ಲಿಗೆ ನಿಂತಿದೆ, ಇನ್ನು ನೋಡುವವರದು" ಎಂದಿರಿ. ಆ ಮಾತನ್ನು ನಾನು ಅಲ್ಲಿಯೇ ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಂಡಿದ್ದೇನೆ. ಹಿಮದ ಬಯಲಿಗೆ ಈ ಅಭಿಪ್ರಾಯ ಅನ್ವಯಿಸುವುದಿಲ್ಲವೆಂದು ತಾವು ಆಗ ಹೇಳಲಿಲ್ಲ.

10. ಪುಸ್ತಕ ಗ್ರಂಥಾಲಯದ್ದು, ಅಲ್ಲಿನ ನಿಯಮದ ಪ್ರಕಾರ ಅದರಲ್ಲಿ ಬರೆಯುವಂತಿಲ್ಲ. ಗ್ರಂಥಾಲಯವನ್ನೂ ನೋಡಿಕೊಳ್ಳುವ ಹರಿದಾಸರನ್ನು ವಿಚಾರಿಸಿದೆ. ಅವರು ನಿಯಮಗಳ ಹಲಗೆಯನ್ನು ಗೋಡೆಯಿಂದ ಇಳಿಸಿ, ಮೂರು ಸಲ ಓದಿ, ಅದರಲ್ಲಿ "ಶಾಯಿ" ಎಂದಷ್ಟೇ ಇರುವುದಾಗಿಯೂ, ಪೆನ್ಸಿಲಿನ ವಿಷಯದಲ್ಲಿ ಮೌನವಾಗಿರುವುದಾಗಿಯೂ, ಆದರೂ ಪ್ರೊಫೆಸರರ ಒಂದು ಸಹಿ ಇದ್ದರೆ ತಮಗೆ ಧೈರ್ಯವೆಂದೂ ತಿಳಿಸಿದರು.

ಆದ್ದರಿಂದ, ಮೇಲೆ ಹೇಳಿದ ಎಲ್ಲ ಕಾರಣಗಳಿಂದ, ಪ್ರಾರ್ಥಿಸಿಕೊಳ್ಳುವುದೇನೆಂದರೆ: ಪುಸ್ತಕದಲ್ಲಿದ್ದಂತೆ ಬರೆದ ಉತ್ತರವನ್ನು ಬೇರೆ ಹಾಳೆಯಲ್ಲಿ ಲಗತ್ತಿಸಿದ್ದೇನೆ. ಅದನ್ನು ಪಡೆದು ಪರೀಕ್ಷೆಗೆ ಕೂರಲು ಅವಕಾಶ ಕೊಡಬೇಕು. ಹನ್ನೆರಡನೇ ಬರಹವನ್ನು ಹೊಡೆದುಹಾಕದೆ ಹಾಗೆಯೇ ಬಿಡಬೇಕು. ಸೊನ್ನೆಯೂ ಹಾಗೆಯೇ ಇರಲಿ, ಅದರ ಬಗ್ಗೆ ನನ್ನ ತಕರಾರಿಲ್ಲ. ಮತ್ತು ಪಾರ್ವತಿಬಾಯಿ ಹೇಳಿದ, ಕೆಳಗಿನ ಒಂದು ಸಾಲನ್ನು ಖಾಲಿ ಹಾಳೆಯ ಮೇಲೆ ತೆಳುವಾಗಿ ಬರೆಯಲು ಅನುಮತಿ ನೀಡಬೇಕು:

"ಯಾರೋ ತಾಟು ಬಡದ್ರು. ಆಕಿ ಅದರ ಸಪ್ಪಳ ಹಿಡಕೊಂಡು ಮನಿಗಿ ಬಂದ್ಲು."

ತಾವು ಸಂಕ್ರಾಂತಿಯ ಭಾನುವಾರ ನಮ್ಮ ಮನೆಗೆ ಎಳ್ಳುಬೆಲ್ಲಕ್ಕೆ ಬರುವುದಾಗಿ ಈ ಮೊದಲೇ ಒಪ್ಪಿದ್ದೀರಿ. ಈ ಅರ್ಜಿಯಿಂದ ಆ ಒಪ್ಪಿಗೆಗೆ ಬಾಧೆ ಬಾರದೆಂದು ನಂಬಿದ್ದೇನೆ. ಪಾರ್ವತಿಬಾಯಿಯವರೂ ಇರುತ್ತಾರೆ. ಎಳ್ಳು ಸೀದಿಲ್ಲ.

ತಮ್ಮ ವಿಶ್ವಾಸಿ ಹಾಗೂ ತಮ್ಮ ತರಗತಿಯ ಅತಿ ಹಿರಿಯ ವಿದ್ಯಾರ್ಥಿನಿ,
ಸುಭದ್ರಾ ನರಸಿಂಹಮೂರ್ತಿ

ಲಗತ್ತುಗಳು:
1. ಪ್ರತಿಕ್ರಿಯೆ ನೋಟ್‌ಬುಕ್, ಹನ್ನೆರಡನೇ ಬರಹ ಅಳಿಸದೆ.
2. ಪುಸ್ತಕದಲ್ಲಿದ್ದಂತೆ ಬರೆದ ಉತ್ತರ, ಒಂದು ಹಾಳೆ. (ಪಾರ್ವತಿಬಾಯಿ ನಮ್ಮ ಜಗಲಿಯಿಂದ ಎದ್ದು ಹೋದ ಮೇಲೆ ಬರೆದದ್ದು. ದಯವಿಟ್ಟು ಭಾನುವಾರ ಜೊತೆಗೆ ತರಬಾರದು.)
3. ವೇರೂಳಿನ ಬಸ್ ಟಿಕೆಟ್, ಹಿಂಭಾಗ ನೋಡುವುದು.
4. ಗ್ರಂಥಾಲಯದ ಪುಸ್ತಕ. ಮುದ್ರಿತ ಪುಟಗಳು 212.
5. ಪೆನ್ಸಿಲ್ ಒಂದು, ಮೊನೆ ಮಾಡಿದ್ದು.

ವಿಶೇಷ ಸೂಚನೆ: "ಯಾವ ಪುಟ?" ಎಂಬ ತಮ್ಮ ಪ್ರಶ್ನೆಗೆ ಉತ್ತರ ಇನ್ನೂ ಬಾಕಿ ಇದೆ. ತಮ್ಮ ಸಹಿ ದೊರೆತ ದಿನದಿಂದ ಜಾರಿಗೆ ಬರುವಂತೆ ಪುಟ 213 ಎಂದು ಓದಿಕೊಳ್ಳಬೇಕಾಗಿ ವಿನಂತಿ.