ಡೀಸೆಲ್, ಪೆಟ್ರೋಲ್ ಮತ್ತು ಗಣಪಣ್ಣನ ಹೊಟ್ಟೆ

ಮನುಷ್ಯನಿಗೆ ತನ್ನ ಬಗ್ಗೆ ಒಂದಾದರೂ ಹೆಮ್ಮೆ ಇರಬೇಕು, ಇಲ್ಲದಿದ್ದರೆ ಬೆಳಿಗ್ಗೆ ಎದ್ದು ಹಲ್ಲುಜ್ಜುವುದಕ್ಕೂ ಉತ್ಸಾಹ ಬರುವುದಿಲ್ಲ. ನನಗೆ ಇದ್ದದ್ದು ಒಂದೇ ಒಂದು. ನಾನು ಗಾಡಿ ಚೆನ್ನಾಗಿ ಓಡಿಸುತ್ತೇನೆ ಎನ್ನುವುದು. ಹಾಡಲು ಬರುವುದಿಲ್ಲ, ಭಾಷಣ ಬರುವುದಿಲ್ಲ, ಊಟದ ಕಂಟ್ರಾಕ್ಟರ್ ಆಗಿದ್ದರೂ ಸಾರಿಗೆ ಉಪ್ಪು ಸಾಕೋ ಸಾಲದೋ ಎಂದು ಹೇಳುವ ನಾಲಿಗೆಯೂ ಇಲ್ಲ. ಆದರೆ ಹೊಸನಗರದಿಂದ ತೀರ್ಥಹಳ್ಳಿಯವರೆಗಿನ ಒಂದೊಂದು ತಿರುವೂ ನನಗೆ ಬಾಯಿಪಾಠ. ಆ ದಾರಿಯಲ್ಲಿ ಕಣ್ಣು ಮುಚ್ಚಿಕೊಂಡು ಓಡಿಸಬಲ್ಲೆ ಎಂದು ಹತ್ತು ಜನರ ಮುಂದೆ ಹೇಳಿಕೊಂಡಿದ್ದೇನೆ. ನನ್ನ ಪಕ್ಕದಲ್ಲಿ ಕೂತವರು ಕೂಡ ಹೆಚ್ಚಾಗಿ ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದರು. ಅದು ನನ್ನ ಮೇಲಿನ ನಂಬಿಕೆ ಎಂದು ತಿಳಿದಿದ್ದೆ.

ನಾನು ಮತ್ತು ನನ್ನ ಹೆಂಡತಿ ಸುಮಿತ್ರ ಹೊಸನಗರದಲ್ಲಿ ಮದುವೆ, ಉಪನಯನ, ಗೃಹಪ್ರವೇಶಗಳ ಊಟ ವಹಿಸಿಕೊಳ್ಳುತ್ತೇವೆ. ಅಡಿಗೆ ನಮ್ಮ ಶೆಡ್ಡಿನಲ್ಲೇ ಆಗುತ್ತದೆ. ಅಲ್ಲಿಂದ ಪಿಕಪ್ಪಿಗೆ ಏರಿಸಿ ಸಾಗರಕ್ಕೋ ತೀರ್ಥಹಳ್ಳಿಗೋ ಕಾರ್ಯದ ಮನೆ ಎಲ್ಲಿದೆಯೋ ಅಲ್ಲಿಗೆ ಒಯ್ಯುತ್ತೇವೆ. ಮಾಡಿಸುವುದು ನಾವಾದರೂ ಜನ ಫೋನ್ ಮಾಡಿ ಮೊದಲು ಕೇಳುವುದು, "ಆ ದಿನ ಗಣಪಣ್ಣ ಇದಾರಾ?" ಅಂತ. ಗಣಪಣ್ಣ ನಮ್ಮ ಅಡಿಗೆ ಭಟ್ಟರು. ಅವರು ಕಾಸಿದ ಪಾಯಸ ಉಂಡ ಮೇಲೆ ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನು ಕ್ಷಮಿಸಿದ್ದನ್ನು ನಾನೇ ನೋಡಿದ್ದೇನೆ. ಆ ಪಾಯಸಕ್ಕೆ ಕೊನೆಯ ತುಪ್ಪ, ಏಲಕ್ಕಿ ಬೀಳುವುದು ಊಟದ ಮನೆಯಲ್ಲೇ. ಅದನ್ನು ಅವರು ಇನ್ನೊಬ್ಬರ ಕೈಗೆ ಬಿಡುವುದಿಲ್ಲ. ಹಾಗಾಗಿ ಕೊಪ್ಪರಿಗೆ ಎಲ್ಲಿಗೋ ಗಣಪಣ್ಣನೂ ಅಲ್ಲಿಗೇ.

ತೊಂದರೆ ಇದ್ದದ್ದೂ ಅಲ್ಲೇ. ನಮ್ಮ ಹಳೆಯ ಡೀಸೆಲ್ ಪಿಕಪ್ಪಿನಲ್ಲಿ ನನ್ನ ಪಕ್ಕ ಕೂತ ಗಣಪಣ್ಣನಿಗೆ ನಾಲ್ಕನೇ ತಿರುವಿಗೆ ಮಾತು ನಿಲ್ಲುತ್ತಿತ್ತು. ಏಳನೇ ತಿರುವಿಗೆ ಸೊಂಟದ ಚೀಲದಿಂದ ನಿಂಬೆಹಣ್ಣು ಹೊರಗೆ ಬರುತ್ತಿತ್ತು. ಹತ್ತನೆಯದಕ್ಕೆ ನಾನು ಗಾಡಿ ನಿಲ್ಲಿಸಬೇಕಾಗುತ್ತಿತ್ತು. ಅವರು ರಸ್ತೆ ಬದಿಗೆ ಹೋಗಿ ವಾಂತಿ ಮಾಡಿ, ಮುಖ ತೊಳೆದುಕೊಂಡು ಬಂದು ಮತ್ತೆ ಕೂರುತ್ತಿದ್ದರು. ಇಂಥ ನಿಲ್ದಾಣಗಳು ದಾರಿಯಲ್ಲಿ ಮೂರು. ಹೋದ ವರ್ಷ ಒಂದು ಮದುವೆಗೆ ನಾವು ಮುಟ್ಟುವಾಗ ಎಲೆ ಹಾಕಿ, ಜನ ಕೂತು, ಉಪ್ಪು ಬಡಿಸಿ ಆಗಿತ್ತು. ಆ ಸಂಜೆ ಗಣಪಣ್ಣ ನನ್ನನ್ನು ಪಕ್ಕಕ್ಕೆ ಕರೆದರು.

"ಮಾರಾಯ, ಯಂಗೆ ಇನ್ನು ಆಗ್ತಿಲ್ಲೆ. ಈ ಡೀಸೆಲ್ ವಾಸನೆಗೆ ಹೊಟ್ಟೆ ತೊಳಸ್ತು. ತೀರ್ಥಳ್ಳಿ ಕಂಟ್ರಾಕ್ಟರು ಬಾ ಬಾ ಹೇಳಿ ಕರೀತಾ ಇದ್ದ. ಅವರ ಹತ್ರ ಪೆಟ್ರೋಲ್ ಗಾಡಿ ಇದ್ದು. ಈ ಸೀಸನ್ ಮುಗಿದ ಮೇಲೆ ಆನು ಬತ್ನಿಲ್ಲೆ."

ಗಣಪಣ್ಣ ಹೋದರೆ ನಮ್ಮಲ್ಲಿ ಉಳಿಯುವುದು ಸೌಟು ಮತ್ತು ಪಾತ್ರೆ ಮಾತ್ರ. ಗಾಡಿ ಹೇಗೂ ಹಳತಾಗಿತ್ತು, ಏರು ಬಂದರೆ ಏದುಸಿರು ಬಿಡುತ್ತಿತ್ತು. ಹೊಸದನ್ನು ತೆಗೆದುಕೊಳ್ಳುವುದು ಎಂದು ಅಲ್ಲೇ ತೀರ್ಮಾನ ಮಾಡಿದೆ. ಆದರೆ ಗಣಪಣ್ಣನ ಮಾತಿಗೆ ಕುಣಿದು ಪೆಟ್ರೋಲ್ ಗಾಡಿ ತಂದು, ಅದು ಕೊಪ್ಪರಿಗೆಗಳ ಭಾರ ಎಳೆಯದೆ ಏರಿನಲ್ಲಿ ಕೂತರೆ ಏನು ಗತಿ ಎಂಬ ಹೆದರಿಕೆಯೂ ಇತ್ತು. ನಾಲ್ಕು ಜನರನ್ನು ಕೇಳಿ ನೋಡೋಣ ಎಂದುಕೊಂಡೆ.

ನಮ್ಮ ಕಡೆ ಹೆಣ್ಣಿನ ಮನೆ ಹೇಗೆ ಎಂದು ವಿಚಾರಿಸಿದರೆ ಜನ ಅಳೆದು ಸುರಿದು ಮಾತಾಡುತ್ತಾರೆ. ಗಾಡಿ ಯಾವುದು ಒಳ್ಳೆಯದು ಎಂದು ಕೇಳಿ, ಬಸ್ ಸ್ಟ್ಯಾಂಡಿಗೆ ಬಸ್ ಸ್ಟ್ಯಾಂಡೇ ಎದ್ದು ಬರುತ್ತದೆ. ಸಾಗರದ ನಮ್ಮ ಮೆಕ್ಯಾನಿಕ್, "ಭಾರ ಎಳೀಬೇಕು ಅಂದ್ರೆ ಡೀಸೆಲ್ಲೇ. ಪೆಟ್ರೋಲ್ ತಗೊಂಡ್ರೆ ಏರಲ್ಲಿ ನೀವು ಇಳಿದು ದೂಡ್ತೀರಿ" ಎಂದ. ಕ್ಷೌರದ ಅಂಗಡಿಯಲ್ಲಿ ಅರ್ಧ ಗಡ್ಡ ಕೆರೆಸಿಕೊಂಡಿದ್ದ ಒಬ್ಬರು, ಈಗಿನ ಡೀಸೆಲ್ ಎಂಜಿನ್ ಬಹಳ ನಾಜೂಕು, ಸಣ್ಣ ಸಣ್ಣ ಓಡಾಟಕ್ಕೆ ಅದರ ಹೊಗೆಕೊಳವೆ ಕಟ್ಟಿಕೊಳ್ಳುತ್ತದೆ, ಪೆಟ್ರೋಲ್ ಆದರೆ ತಲೆಬಿಸಿ ಇಲ್ಲ ಎಂದು ಉಳಿದ ಅರ್ಧ ಗಡ್ಡ ಮರೆತು ವಿವರಿಸಿದರು. ಜೋಗದಲ್ಲಿರುವ ನನ್ನ ಭಾವ ವಿದ್ಯುತ್ ಕೇಂದ್ರದಲ್ಲಿದ್ದು ನಿವೃತ್ತರಾದವರು. "ಎರಡೂ ಬೇಡ. ಕರೆಂಟ್ ಗಾಡಿ ಬರ್ತಾ ಇದೆ, ಕಾಯಿರಿ. ಕರೆಂಟ್ ಹುಟ್ಟೋದೇ ನಮ್ಮೂರಲ್ಲಿ" ಎಂದರು. ಹಾಗೆ ಹೇಳುವಾಗ ಅವರ ಮನೆಯಲ್ಲಿ ಕರೆಂಟ್ ಇರಲಿಲ್ಲ. ಬೀಸಣಿಗೆಯಿಂದ ಗಾಳಿ ಹಾಕಿಕೊಳ್ಳುತ್ತಲೇ ಹೇಳಿದರು.

ಕೊನೆಗೆ ದೇವರನ್ನೇ ಕೇಳಿದೆ. ನಮ್ಮಲ್ಲಿ ಪ್ರಸಾದ ಕೇಳುವುದು ಎಂದು ಇದೆಯಲ್ಲ, ಮೂರ್ತಿಯ ಮೇಲಿಟ್ಟ ಹೂವು ಬಲಕ್ಕೆ ಬಿದ್ದರೆ ಆಗಬಹುದು, ಎಡಕ್ಕೆ ಬಿದ್ದರೆ ಬೇಡ. ಸ್ನಾನ ಮಾಡಿ, ಮಡಿ ಉಟ್ಟು ದೇವಸ್ಥಾನಕ್ಕೆ ಹೋಗಿ, ಕಣ್ಣು ಮುಚ್ಚಿ ಭಕ್ತಿಯಿಂದ, "ಸ್ವಾಮಿ, ಡೀಸೆಲೋ ಪೆಟ್ರೋಲೋ, ನೀನೇ ಹೇಳು" ಎಂದು ಬೇಡಿಕೊಂಡೆ. ಸ್ವಲ್ಪ ಹೊತ್ತಿಗೆ ಹೂವು ಬಲಗಡೆಗೆ ಜಾರಿತು.

"ಬಲ ಆಯ್ತು. ಆಗಬಹುದು ಅಂತ" ಎಂದರು ಅರ್ಚಕರು.

"ಯಾವುದು ಆಗಬಹುದು?"

"ಅದು ನಿಮಗೆ ಗೊತ್ತಿರ್ಬೇಕು. ಕೇಳ್ಕೊಂಡಿದ್ದು ನೀವು."

ಇನ್ನೊಂದು ಸಲ ಕೇಳೋಣ ಎಂದರೆ ಒಂದೇ ವಿಷಯಕ್ಕೆ ಎರಡು ಸಲ ಪ್ರಸಾದ ಕೇಳುವ ಕ್ರಮ ಇಲ್ಲವಂತೆ. ದೇವರು ಹೌದು ಎಂದಿದ್ದಾನೆ, ಯಾವುದಕ್ಕೆ ಎನ್ನುವುದು ಮಾತ್ರ ತಿಳಿದಿಲ್ಲ ಎಂದು ಮನೆಗೆ ಬಂದು ಸುಮಿತ್ರಳಿಗೆ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು. ಒಂದು ಕ್ಷಣ ನನ್ನ ಮುಖ ನೋಡಿದಳು, ಏನೋ ಹೇಳಲು ಹೊರಟಂತೆ ಕಂಡಿತು, ಆಮೇಲೆ ಸೊಪ್ಪಿನ ಕಡೆಗೇ ತಿರುಗಿದಳು.

ಇಷ್ಟಾದ ಮೇಲೆ ನಾನೇ ಒಂದು ವೈಜ್ಞಾನಿಕ ಪರೀಕ್ಷೆ ಮಾಡುವುದು ಎಂದು ನಿಶ್ಚಯಿಸಿದೆ. ಗಣಪಣ್ಣನ ಹೊಟ್ಟೆಯನ್ನು ಶೋರೂಮಿಗೆ ಒಯ್ಯಲಾಗುವುದಿಲ್ಲ. ಪಾಯಸದ ಕೊಪ್ಪರಿಗೆಯನ್ನು ಒಯ್ಯಬಹುದಲ್ಲ. ಸಾಗರದ ಶೋರೂಮಿನವರು ಬಾಗಿಲಲ್ಲಿ ಕೊಪ್ಪರಿಗೆ ಇಳಿಸಿದ್ದನ್ನು ನೋಡಿ, ಗಾಡಿಗೆ ಪೂಜೆ ಇದೆ, ಊಟ ಬಂದಿದೆ ಎಂದು ಸಂತೋಷಪಟ್ಟರು. ಕೊಪ್ಪರಿಗೆಯ ಕಂಠದವರೆಗೆ ನೀರು ತುಂಬಿಸಿ ಮೊದಲು ಡೀಸೆಲ್ ಗಾಡಿಯ ಹಿಂದೆ ಇಟ್ಟೆವು. ನಾನು ಓಡಿಸಿದೆ. ಊರ ಹೊರಗೆ ನಾಲ್ಕು ತಿರುವು ಹೋಗಿ ಬಂದು ನೋಡಿದರೆ ಅರ್ಧ ಕೊಪ್ಪರಿಗೆ ನೀರು ರಸ್ತೆಯ ಪಾಲಾಗಿತ್ತು. ಮತ್ತೆ ತುಂಬಿಸಿ ಪೆಟ್ರೋಲ್ ಗಾಡಿಗೆ ಏರಿಸಿದೆವು. ಆಗಲೇ ಗೃಹಪ್ರವೇಶದ ಮನೆಯವರ ಫೋನ್ ಬಂತು, ಹೋಳಿಗೆಯೋ ಕಾಯಿ ಕಡುಬೋ ಎಂದು ಅವರ ಮನೆಯಲ್ಲಿ ಇತ್ಯರ್ಥವಾಗಿರಲಿಲ್ಲ. ನಾನು ಮಾತಾಡುತ್ತಾ ಪಕ್ಕದಲ್ಲಿ ಕೂತೆ, ಶೋರೂಮಿನ ಮೇಡಂ ಓಡಿಸಿದರು. ಅದೇ ರಸ್ತೆ, ಅದೇ ನಾಲ್ಕು ತಿರುವು. ವಾಪಸು ಬಂದು ನೋಡಿದರೆ ಒಂದು ಹನಿ ನೀರು ಹೊರಗೆ ಬಿದ್ದಿರಲಿಲ್ಲ.

ನನಗೆ ಇನ್ನೇನು ಬೇಕು? ಡೀಸೆಲ್ ಎಂಜಿನ್ ನಡುಗುತ್ತದೆ, ಪೆಟ್ರೋಲ್ ನಡುಗುವುದಿಲ್ಲ, ವಾಸನೆ ಎನ್ನುವುದು ನೆಪ, ಗಣಪಣ್ಣನ ಹೊಟ್ಟೆ ಕಲಕುವುದು ಆ ನಡುಕಕ್ಕೆ ಎಂದು ಅಲ್ಲೇ ಸಿದ್ಧಾಂತ ಕಟ್ಟಿ ಮೇಡಂಗೂ ಹೇಳಿದೆ. ಅವರು ಕೊಪ್ಪರಿಗೆ ನೋಡಿದರು, ನನ್ನನ್ನು ನೋಡಿದರು, "ಹಾಗೂ ಇರಬಹುದು ಸಾರ್" ಎಂದು ಫಾರಂ ತಂದರು. ಆ ವಾರವೇ ಪೆಟ್ರೋಲ್ ಪಿಕಪ್ ಮನೆಗೆ ಬಂತು.

ಮೊದಲ ಪ್ರಯಾಣಕ್ಕೆ ಗಣಪಣ್ಣನನ್ನು ನಾನೇ ಕೈ ಹಿಡಿದು ಹತ್ತಿಸಿದೆ. ನಾಲ್ಕನೇ ತಿರುವಿಗೆ ಅವರ ಮಾತು ನಿಂತಿತು. ಏಳನೆಯದಕ್ಕೆ ನಿಂಬೆಹಣ್ಣು ಬಂತು. ಹೊಸ ಸೀಟಿನ ಪ್ಲಾಸ್ಟಿಕ್ ವಾಸನೆ ಎಂದುಕೊಂಡು ಮರುದಿನ ಪ್ಲಾಸ್ಟಿಕ್ ಕಿತ್ತುಹಾಕಿದೆ. ಎರಡನೇ ಸಲವೂ ಅದೇ ಕಥೆ. ಮುಂದಿದ್ದ ಹೂವಿನ ಹಾರ, ಊದುಬತ್ತಿ ತೆಗೆಸಿದೆ. ಮೂರನೇ ಸಲವೂ ಹತ್ತನೇ ತಿರುವಿನಲ್ಲಿ ನಿಂತೆವು. ನನಗೆ ಹೊಳೆಬಾಗಿಲಿನ ನೆನಪಾಯಿತು. ಹಿಂದೆ ಒಮ್ಮೆ ಸಿಗಂದೂರಿನ ಆಚೆ ಒಂದು ಊಟಕ್ಕೆ ಅಲ್ಲಿಂದ ಹಿನ್ನೀರನ್ನು ಲಾಂಚಿನಲ್ಲಿ ದಾಟುವಾಗ ಡೀಸೆಲ್ ಹೊಗೆ ನೇರ ಮುಖಕ್ಕೇ ಬಡಿಯುತ್ತಿದ್ದರೂ ಗಣಪಣ್ಣ ಎಂಜಿನ್ ಪಕ್ಕದಲ್ಲೇ ಕೂತು ಎಲೆಯಡಿಕೆಯ ಕವಳ ಹಾಕಿ ಆರಾಮಾಗಿ ಹರಟಿದ್ದರು. ನೀರಿನ ಮೇಲಿನ ತಂಗಾಳಿಯೇ ಅದಕ್ಕೆ ಕಾರಣ ಎಂದು ತೀರ್ಮಾನಿಸಿ ಹೊಸ ಗಾಡಿಗೆ ಒಂದು ಫ್ಯಾನ್ ಹಾಕಿಸಿದೆ. ನನ್ನ ತಲೆಗೆ ಆಗ ಹೊಳೆದದ್ದು ಅಷ್ಟೇ.

ಸೀಸನ್ ಮುಗಿಯುತ್ತಾ ಬಂತು. ಕೊನೆಯ ದೊಡ್ಡ ಊಟ ಕುಪ್ಪಳ್ಳಿ ದಾರಿಯಲ್ಲಿ ಒಂದು ಜೈನರ ಮನೆಯಲ್ಲಿ. ಜೈನರ ಊಟವೆಂದರೆ ನೆಲದಡಿ ಬೆಳೆದ ಗೆಡ್ಡೆಗೆಣಸು ಇಲ್ಲ, ಈರುಳ್ಳಿ ಬೆಳ್ಳುಳ್ಳಿ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಸೂರ್ಯ ಮುಳುಗುವುದರೊಳಗೆ ಊಟ ಮುಗಿದಿರಬೇಕು. ತಡವಾದರೆ ಮನೆಯವರು ಬೈಯುವುದಿಲ್ಲ, ಉಣ್ಣುವುದೇ ಇಲ್ಲ. ಅದೇ ದಿನ ಬೆಳಿಗ್ಗೆ ಹೊಸ ಗಾಡಿಗೆ ಸಾಗರದಲ್ಲಿ ಮೊದಲ ಸರ್ವಿಸ್. ಮಧ್ಯಾಹ್ನಕ್ಕೆ ಕೊಡುತ್ತೇವೆ ಎಂದಿದ್ದರು, ಕೊಡಲಿಲ್ಲ. ನಾನು ಸಾಗರದಲ್ಲಿ ಸಿಕ್ಕಿಬಿದ್ದು ಸುಮಿತ್ರಳಿಗೆ ಫೋನ್ ಮಾಡಿದೆ.

"ಹಳೇ ಗಾಡಿ ಇದೆಯಲ್ಲ. ನಾನು ಹೊರಡ್ತೀನಿ. ಗಣಪಣ್ಣನ್ನ ಕರ್ಕೊಂಡು ಹೋಗ್ತೀನಿ" ಎಂದಳು.

ಅವಳಿಗೆ ಲೈಸನ್ಸ್ ಬಂದು ಬಹಳ ಕಾಲವಾಗಿತ್ತು. ಆದರೆ ಪೇಟೆಯ ಆಚೆ ಅವಳ ಕೈಗೆ ನಾನು ಸ್ಟೇರಿಂಗ್ ಕೊಟ್ಟವನಲ್ಲ. ಬೇರೆ ದಾರಿಯಿಲ್ಲದೆ ಹೂಂ ಎಂದೆ. ಹಳೆಯ ಗಾಡಿ, ಡೀಸೆಲ್, ತಿರುವು, ಮೂರು ನಿಲ್ದಾಣ, ಇಳಿಯುವ ಸೂರ್ಯ. ಇವತ್ತು ಊಟವೂ ಹೋಯಿತು, ಗಣಪಣ್ಣನೂ ಹೋದರು ಎಂದು ನಿಜವಾಗಿ ಸಂಕಟವಾಯಿತು. ಗಾಡಿ ಕೈಗೆ ಸಿಕ್ಕಿದ್ದೇ ತಡ, ನನ್ನ ವಿದ್ಯೆಯನ್ನೆಲ್ಲ ಖರ್ಚು ಮಾಡಿ ಓಡಿಸಿದೆ.

ಮುಟ್ಟಿದಾಗ ಸೂರ್ಯ ಇನ್ನೂ ಗುಡ್ಡದ ಮೇಲೆ ಒಂದು ಮಾರು ಎತ್ತರದಲ್ಲಿದ್ದ. ಚಪ್ಪರದಲ್ಲಿ ಕೊನೆಯ ಪಂಕ್ತಿ ಕೂತಿತ್ತು. ಪಾಯಸ ಎರಡನೇ ಸುತ್ತು ಬರುತ್ತಿತ್ತು. ಮನೆಯ ಯಜಮಾನರು ಬಂದು ಕೈ ಹಿಡಿದುಕೊಂಡು, "ನಿಮ್ಮನೆಯವ್ರು ಎಷ್ಟು ನಿಧಾನ ಓಡಿಸ್ತಾರೆ ಮಾರಾಯ್ರೆ, ಆದ್ರೂ ಹೇಳಿದ್ದಕ್ಕಿಂತ ಮುಂಚೆನೇ ಬಂದ್ರು" ಎಂದರು. ಕೊಪ್ಪರಿಗೆಯ ಬಾಯಿಗೆ ಕಟ್ಟಿದ್ದ ಬಟ್ಟೆ ಅಲ್ಲೇ ಹಗ್ಗದ ಮೇಲಿತ್ತು. ಮುಟ್ಟಿ ನೋಡಿದೆ, ಪಾಯಸದ ಒಂದು ಹನಿಯೂ ತಾಗಿರಲಿಲ್ಲ. ಗಣಪಣ್ಣ ಚಪ್ಪರದ ಕಂಬಕ್ಕೆ ಒರಗಿ ಕವಳ ಹಾಕುತ್ತಿದ್ದರು. ಮುಖ ಈಗ ತಾನೇ ಎದ್ದವರಂತೆ ಕಳೆಕಳೆಯಾಗಿತ್ತು.

"ಗಣಪಣ್ಣ, ವಾಂತಿ ಆಯ್ತಾ?"

"ಇಲ್ಲೆ. ಒಂದು ಒಳ್ಳೆ ನಿದ್ದೆ ಆತು."

"ಡೀಸೆಲ್ ಗಾಡೀಲಿ?"

ಗಣಪಣ್ಣ ಸುಣ್ಣದ ಡಬ್ಬಿಯ ಮುಚ್ಚಳವನ್ನು ಹಾಕಿದರು, ತೆಗೆದರು, ಮತ್ತೆ ಹಾಕಿದರು. "ನಿಂಗೆ ಹ್ಯಾಂಗೆ ಹೇಳದು ಹೇಳಿ ಆನೇ ಡೀಸೆಲ್ ಮೇಲೆ ಹಾಕಿದ್ದಿ ಮಾರಾಯ. ನೀ ಗಾಡಿನೇ ತಗತ್ತೆ ಹೇಳಿ ಎಣಿಸಿದ್ನಿಲ್ಲೆ" ಎಂದರು.

ನಮ್ಮ ಕಡೆಯ ದಾಕ್ಷಿಣ್ಯ ಎಂದರೆ ಇದು. ಎದುರಿಗಿರುವವನ ಮನಸ್ಸು ನೋಯಬಾರದೆಂದು ಅವನಿಂದ ಒಂದು ಇಡೀ ಗಾಡಿಯನ್ನೇ ಕೊಳ್ಳಿಸುತ್ತಾರೆ. ನನಗೆ ಸಿಟ್ಟು ಬಂತು, ನಾಚಿಕೆಯೂ ಬಂತು, ಯಾವುದು ಮೊದಲು ಎಂದು ಹೇಳಲಾರೆ. ಪಾತ್ರೆ ತೊಳೆಸುತ್ತಿದ್ದ ಸುಮಿತ್ರಳ ಹತ್ತಿರ ಹೋಗಿ, "ನಿನಗೆ ಗೊತ್ತಿತ್ತಾ?" ಎಂದೆ.

"ಮದುವೆ ಆದ ವಾರವೇ ಗೊತ್ತಾಗಿತ್ತು. ಅದಕ್ಕೇ ನಾನು ತವರಿಗೆ ಬಸ್ಸಲ್ಲಿ ಹೋಗ್ತಿದ್ದಿದ್ದು."

"ಮತ್ತೆ ಹೇಳಬಾರದಿತ್ತಾ?"

"ನೀವು ಊರೆಲ್ಲ ಕೇಳಿದ್ದು ಡೀಸೆಲೋ ಪೆಟ್ರೋಲೋ ಅಂತ. ಯಾರು ಓಡಿಸ್ಬೇಕು ಅಂತ ಯಾರನ್ನೂ ಕೇಳ್ಲಿಲ್ಲ" ಎಂದಳು. ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

ಈಗ ಹೊಸ ಪಿಕಪ್ ಸುಮಿತ್ರಳ ಕೈಯಲ್ಲಿದೆ. ಪೆಟ್ರೋಲೇ ಆದರೂ ಕೊಪ್ಪರಿಗೆಗಳನ್ನು ಹೊತ್ತು ಏರನ್ನು ಸದ್ದಿಲ್ಲದೆ ಹತ್ತುತ್ತದೆ. ಗಣಪಣ್ಣ ಪಕ್ಕದಲ್ಲಿ ಕೂತು ಗೊರಕೆ ಹೊಡೆಯುತ್ತಾರೆ. ತೀರ್ಥಹಳ್ಳಿಯವರಿಗೆ ಫೋನ್ ಮಾಡಿ ಬರುವುದಿಲ್ಲ ಎಂದೂ ಹೇಳಿಯಾಯಿತು. ಮುಂದಿನ ಸೀಸನ್ನಿಗೆ ಈಗಲೇ ದಿನಗಳು ತುಂಬಿವೆ. ಹಳೆಯ ಡೀಸೆಲ್ ಗಾಡಿಯನ್ನು ಮಾರಲಿಲ್ಲ, ಅದು ನನಗೆ. ಖಾಲಿ ಪಾತ್ರೆ, ಬೆಂಚು, ಜಮಖಾನ ಸಾಗಿಸುತ್ತೇನೆ. ಅವುಗಳಿಗೆ ವಾಂತಿ ಬರುವುದಿಲ್ಲ. ನಡುನಡುವೆ ಸಾಮಾನಿಲ್ಲದ ದಿನ ಸುಮಿತ್ರಳ ಗಾಡಿಯಲ್ಲೇ ಗಣಪಣ್ಣನ ಆಚೆ ಮಗ್ಗುಲಿಗೆ ಕೂತು ಹೋಗುತ್ತೇನೆ. ನಿಜ ಹೇಳಬೇಕೆಂದರೆ ಅಷ್ಟು ವರ್ಷ ಓಡಾಡಿದ ಆ ದಾರಿಯಲ್ಲಿ ಮರಗಿಡ, ಕೆರೆ, ಶಾಲೆ ಎಲ್ಲ ಇವೆ ಎಂದು ನನಗೆ ಗೊತ್ತಾದದ್ದು ಆಮೇಲೆಯೇ.

ಹೀಗೆ ಮೂರು ವಾರ ಅವಳ ಗಾಡಿಯಲ್ಲಿ ಕೂತು ರೂಢಿಯಾದ ಮೇಲೆ, ಮೊನ್ನೆ ಒಬ್ಬನೇ ಹಳೆಯ ಗಾಡಿಯಲ್ಲಿ ಬೆಂಚು ಹೇರಿಕೊಂಡು ತೀರ್ಥಹಳ್ಳಿಗೆ ಹೊರಟೆ. ನನ್ನದೇ ಗಾಡಿ, ನನ್ನದೇ ಕೈ, ಬಾಯಿಪಾಠವಾದ ರಸ್ತೆ. ನಾಲ್ಕನೇ ತಿರುವಿಗೆ ಹಾಡು ಗುನುಗುವುದನ್ನು ನಿಲ್ಲಿಸಿದೆ. ಏಳನೆಯದಕ್ಕೆ ಹೊಟ್ಟೆಯೊಳಗೆ ಏನೋ ಸಣ್ಣಗೆ ತಿರುಗಿದಂತಾಯಿತು. ಹತ್ತನೇ ತಿರುವಿನಲ್ಲಿ ಗಾಡಿಯನ್ನು ಬದಿಗೆ ನಿಲ್ಲಿಸಿ ಪಕ್ಕದ ಸೀಟಿನ ಸಂದಿಯಲ್ಲಿ ಕೈಯಾಡಿಸಿದೆ. ಗಣಪಣ್ಣನ ನಿಂಬೆಹಣ್ಣು ಒಣಗಿ ಅಲ್ಲೇ ಬಿದ್ದಿತ್ತು.